ಎಳೆಯುವ ತೋಪಡ

ಲಿಂಗರಾಜಪುರದ ರೈಲ್ವೆ ಗೇಟಿನಾಚೆ
ಎಸ್ತರಮ್ಮನವರ ಗಿಟಾರ್ ಶೆಡ್ಡು.
ನಾನು ಕಿಟಕಿ ಬಾಗಿಲ ಆಚಾರಿ, ಹದಿನೆಂಟು ವರ್ಷ
ತೋಪಡವನ್ನು ಮುಂದಕ್ಕೆ ತಳ್ಳಿದವನು.

ಜಪಾನಿನಲ್ಲಿ ಆರು ವರ್ಷ ಕಲಿತು
ಅವರು ತಂದ ತೋಪಡಕ್ಕೆ ಹಿಡಿಯೇ ಇಲ್ಲ.
'ತಳ್ಳಬೇಡಿ ಕಾಳಾಚಾರ್ರೇ,
ಎದೆ ಕಡೆಗೆ ಎಳಕೊಳ್ಳಿ.'

ಮೊದಲ ವಾರ ಬರೀ ಪುಡಿ.
ಆಮೇಲೊಂದು ಮಧ್ಯಾಹ್ನ ಕರೆಂಟು ಹೋಗಿ
ಬೀದಿಯ ಯಂತ್ರಗಳೆಲ್ಲ ಬಾಯಿ ಮುಚ್ಚಿದಾಗ
ಈರುಳ್ಳಿ ಸಿಪ್ಪೆಯಂಥ ಸುರುಳಿ ಎದ್ದು ಬಂತು;
ಅದರಾಚೆ ನನ್ನ ಬೆರಳು ಕಾಣುತ್ತಿತ್ತು.

ಹಲಗೆಯನ್ನು ಕಿವಿಗಿಟ್ಟು ತಟ್ಟುತ್ತಾರೆ,
ಹಲಸಿನಹಣ್ಣು ಕೊಳ್ಳುವವರ ಹಾಗೆ.
'ಇನ್ನೂ ಮಾತಾಡ್ತಿಲ್ಲ' ಅನ್ನುತ್ತಾರೆ.
ಇನ್ನೊಂದು ಸುರುಳಿ.
ನಾನೂ ತಟ್ಟಿದೆ.
ಸುಳ್ಳೇಕೆ, ಏನೂ ಗೊತ್ತಾಗಲಿಲ್ಲ.

ಮನೆಗೆ ಹೋದವನು
ನಾನೇ ಮಾಡಿದ ಬಾಗಿಲನ್ನು
ತಳ್ಳುವ ಮೊದಲು ತಟ್ಟಿದೆ.
ಒಳಗಿಂದ ಹೆಂಡತಿ: 'ಯಾರು?'