ಇಲ್ಲಣ

ಟಾಡ್‌ಮರ್ಡನ್ನಿನ ಕಾಲುವೆ ದಂಡೆಯ ಈ ಬಾಡಿಗೆ ಮನೆಗೆ
ನೂರ ಮೂವತ್ತು ವರ್ಷ; ಅದರ ಒಲೆಗೂಡಿಗೂ ಅಷ್ಟೇ.
ಅಕ್ಟೋಬರಿನಲ್ಲಿ ಮೊದಲ ಸಲ ಬೆಂಕಿ ಹೊತ್ತಿಸಿದಾಗ
ಎಷ್ಟು ಚೆಂದ ಅನ್ನಿಸಿತ್ತು. ಕಟ್ಟಿಗೆ ಚಟಪಟ ಮಾತಾಡಿತು,
ಶಾಂಭವಿ ಕಾಲುಚೀಲ ಒಣಹಾಕಿದಳು,
ಬಾಗಿಲ ಸಂದಿಗೆಲ್ಲ ಹಳೇ ಟವೆಲು ತುರುಕಿದೆ
ಒಂದಿಷ್ಟೂ ಬಿಸಿ ಹೊರಹೋಗದಂತೆ.

ಆಮೇಲೆ ತಲೆನೋವು.
ಹಣೆಗೆ ಯಾರೋ ಒದ್ದೆ ಬಟ್ಟೆ
ಬಿಗಿದು ಕಟ್ಟಿದ ಹಾಗೆ.
ಏಳು ಗಂಟೆಗೇ ಮಗಳು
ಲೆಕ್ಕದ ಪುಸ್ತಕದ ಮೇಲೆ ಬಾಯಿ ತೆರೆದು ಮಲಗುತ್ತಿದ್ದಳು.
ಚಳಿ ಹೊಸದು, ಅಂದುಕೊಂಡೆ.
ಬೆಳಕು ಕಮ್ಮಿ, ಅಂದುಕೊಂಡೆ.
ವಿಚ್ಛೇದನದ ಕಾಗದಕ್ಕೆ ಸಹಿ ಹಾಕಿ ನಾಲ್ಕೇ ತಿಂಗಳು,
ದುಃಖಕ್ಕೂ ಒಂದು ಭಾರ ಇರುತ್ತದಲ್ಲ,
ಅದೇ ಇರಬೇಕು, ಅಂದುಕೊಂಡೆ.

ನಾನು ನರ್ಸು.
ಕೈಚೀಲದಲ್ಲಿ ಸದಾ ಇರುವ ಕ್ಲಿಪ್ಪು ಬೆರಳಿಗೆ ಸಿಕ್ಕಿಸಿಕೊಂಡೆ:
ತೊಂಬತ್ತೆಂಟು. ಮಗಳದು ತೊಂಬತ್ತೊಂಬತ್ತು.
ನೆತ್ತರು ಕೆಂಪಗಿದ್ದರೆ ಸಾಕು ಅದಕ್ಕೆ,
ಕೆಂಪು ಬಳಿದವರು ಯಾರೆಂದು ಕೇಳುವುದಿಲ್ಲ.
ಓದಿದ್ದೆ ಇದನ್ನು. ಪರೀಕ್ಷೆಯಲ್ಲಿ ಬರೆದೂ ಇದ್ದೆ,
ಎರಡು ಅಂಕಕ್ಕೆ.

ಮನೆ ಮಾಲೀಕನ ವಿಮೆಗೊಂದು ಚೀಟಿ ಬೇಕಿತ್ತು,
ಅದಕ್ಕಾಗಿ ಬಂದಳು ಲಿನೆಟ್ ಸಟ್‌ಕ್ಲಿಫ್.
ಅರವತ್ತೊಂದು ವರ್ಷ, ಮಂಡಿಗೆ ಚರ್ಮದ ಪಟ್ಟಿ,
ವ್ಯಾನಿನ ತುಂಬ ಕೋಲು, ಕುಂಚ.
ಜಮಖಾನದ ಮೇಲೆ ಬಟ್ಟೆ ಹಾಸಿ
ಹೊಗೆಗುಳಿಗೆಯೊಂದು ಹಚ್ಚಿದಳು.
ಹೊಗೆ ಮೇಲೇರಿದಂತೆ ಮಾಡಿ,
ಮರೆತದ್ದೇನೋ ನೆನಪಾದ ನೆಂಟನಂತೆ
ತಿರುಗಿ ಕೋಣೆಗೇ ಬಂತು.

ಲಿನೆಟ್ ನನ್ನ ಮುಖ ನೋಡಿದಳು.
ತಲೆ ನೋಯುತ್ತದಾ?
ನೋಯುತ್ತದೆ.
ಹೊರಗೆ ಹೋದರೆ?

ವಾರ್ಡಿನಲ್ಲಿ, ರಾತ್ರಿ ಮೂರಕ್ಕೆ,
ಹನ್ನೊಂದು ಹಾಸಿಗೆಗಳ ನರಳಾಟದ ನಡುವೆ
ನನ್ನ ತಲೆ ಯಾವಾಗಲೂ ತಿಳಿನೀರು.
ಕರ್ತವ್ಯನಿಷ್ಠೆ ಅಂತ ತಿಳಿದಿದ್ದೆ.

ಮಗು?
ಅವಳು ಕೇಳಿದ್ದಕ್ಕೆ ನಾನು
ಕಿಟಕಿಗಳನ್ನೆಲ್ಲ ತೆರೆಯುತ್ತ ಹೋದೆ.

ಕೋಲಿಗೆ ಕೋಲು ಸಿಕ್ಕಿಸಿ ತಿರುಗಿಸಿದಳು, ನೂಕಿದಳು.
ಮೊದಲು ಉದುರಿದ್ದು ಕಡ್ಡಿ. ಆಮೇಲೆ ಕುರಿಯ ಉಣ್ಣೆ,
ಬಸ್ಸಿನ ಟಿಕೆಟ್ಟು, ಯಾರದೋ ನೀಲಿ ಶೂ ಲೇಸು:
ಜ್ಯಾಕ್‌ಡಾ ಅಂತೆ, ಬೂದುಗತ್ತಿನ ಪುಟ್ಟ ಕಾಗೆ,
ಬೇಸಗೆಯಲ್ಲಿ ಸಂಸಾರ ಹೂಡಿ ಬಿಟ್ಟುಹೋದ ಗೂಡು.
ಅದರ ಹಿಂದೆಯೇ ಮಸಿ,
ಕರಿಹಿಟ್ಟು, ಕರಿಚಕ್ಕೆ, ಟಾರಿನಂತೆ ಹೊಳೆಯುವ ಅಂಟು.
ಹಸಿ ಕಟ್ಟಿಗೆ ಉರಿಸಿದ್ದೀಯ, ಗದರಿದಳು,
ಈ ಅಂಟಿಗೆ ಕಿಡಿ ತಾಗಿದ್ದರೆ
ಕೊಳವೆಗೆ ಕೊಳವೆಯೇ ಉರಿದು
ಮಾಡೂ ಉಳಿಯುತ್ತಿರಲಿಲ್ಲ.

ನಮ್ಮ ಭಾಷೆಯಲ್ಲಿ ಒಲೆಯ ಕರಿಗೂ ಮಸಿ, ಬರೆಯುವುದಕ್ಕೂ ಮಸಿ.
ನೂರ ಮೂವತ್ತು ಚಳಿಗಾಲ ಈ ಕೊಳವೆಯಲ್ಲಿ
ಬರೆದದ್ದೇ ಬರೆದದ್ದು,
ಕತ್ತೆತ್ತಿ ಓದಿದವರಿಲ್ಲ.
ಅಡುಗೆಮನೆಯ ಜಂತಿಯಿಂದ ಜೋತಾಡುವ ಹೊಗೆಯ ನೂಲಿಗೆ
ಇನ್ನೊಂದು ಪದವೂ ಇತ್ತು: ಇಲ್ಲಣ.
ಎಷ್ಟೋ ವರ್ಷದ ಮೇಲೆ ಬಾಯಿಗೆ ಬಂತು, ಜೋರಾಗಿಯೇ ಅಂದೆ.
ಪದದೊಳಗೇ ಇತ್ತಲ್ಲ, ಇಲ್ಲ.
ವಾಸನೆ ಇಲ್ಲ, ಬಣ್ಣ ಇಲ್ಲ, ಕೆಮ್ಮೂ ಇಲ್ಲ,
ನಿದ್ದೆ ಬಂತಲ್ಲ ಎಂದು ಹೊದಿಕೆ ಸರಿಪಡಿಸಿ
ದೀಪ ಆರಿಸಿ ಬರುತ್ತಿದ್ದೆ ನಾನು.

ಗೋಡೆಗೊಂದು ಎಚ್ಚರಿಕೆಯ ಡಬ್ಬಿ ಹೊಡೆದಳು,
ಗುಂಡಿ ಒತ್ತಿ ಕಿರುಚಿಸಿ ತೋರಿಸಿದಳು.
ವರ್ಷಕ್ಕೊಮ್ಮೆ, ಮೊದಲ ಬೆಂಕಿಗೆ ಮುಂಚೆ, ಎಂದು
ಚೀಟಿಯ ಹಿಂದೆ ಬರೆದಳು.
ಮಸಿಯ ಚೀಲ ಹಿತ್ತಲಲ್ಲಿಟ್ಟು,
ಚಳಿಗಾಲವೆಲ್ಲ ಕಳಿಯಲಿ, ಆಮೇಲೆ ರೂಬಾರ್ಬಿನ ಬುಡಕ್ಕೆ, ಎಂದಳು.
ರೂಬಾರ್ಬ್ ನನಗೆ ಇಷ್ಟವಿಲ್ಲ; ಹೇಳಲಿಲ್ಲ.

ತಲೆನೋವು ಹೋಯಿತು.
ದುಃಖ ಇನ್ನೂ ಇದೆ, ಆದರೆ ಕೈಗೆ ಸಿಗುವಷ್ಟು;
ಉಳಿದದ್ದು ಕಾಗೆಗೂಡು.

ಈಗ ಹತ್ತಾದರೂ ಮಲಗುವುದಿಲ್ಲ ಶಾಂಭವಿ.
ಭಾಗಾಕಾರದಲ್ಲಿ ಶೇಷ ಯಾಕೆ ಉಳಿಯಬೇಕು ಎಂದು
ನನ್ನೊಡನೆ ವಾದಕ್ಕೆ ನಿಲ್ಲುತ್ತಾಳೆ.
ನಿಲ್ಲಲಿ.