ಸ್ಥಳ

ಕೇಶ್ವಾಪುರದ ಡಾಕ್ಟರು ಗಾಡಿ ಮಾರಿದ್ದು ನಡದ ನೋವಿಗೆ.
ನಾ ಕೊಂಡದ್ದು ಯಾತಕ್ಕಂತ
ಅವರು ಕೇಳಲಿಲ್ಲ, ನಾ ಹೇಳಲಿಲ್ಲ.
ಒಂದು ಲಕ್ಷ ಅರವತ್ತೆಂಟು ಸಾವಿರ, ಮ್ಯಾಲ ಎರಡು ಪೆಟ್ಟಿಗಿ.
ಕೀಲಿ ಕೊಡೋವಾಗ ಒಂದ ಮಾತು:
ಚೈನಿಗೆ ಎಣ್ಣಿ ಮರೀಬ್ಯಾಡ್ರಿ.

ಸೀಟು ಎತ್ತರ, ನನ್ನ ಕಾಲು ಗಿಡ್ಡ.
ಸಿಗ್ನಲ್ಲಿನಾಗ ಬೆರಳತುದಿಯಷ್ಟ ನೆಲಕ್ಕ ಹತ್ತತಿತ್ತು,
ಗ್ವಾಡಿ ಮ್ಯಾಲ ನಿಂತ ಕೋಳಿಹಂಗ.
ಕುಶನ್ ಅಂಗಡಿ ಖಾಜಾಹುಸೇನ ಸೀಟು ಬಿಚ್ಚಿ
ಎರಡಿಂಚು ಫೋಮು ಕೊಯ್ದ.
'ಈಗ ಕೂಡ್ರಿ, ಮಾಮಾ.'
ಕುಂತೆ. ಹಿಮ್ಮಡ ಡಾಂಬರಕ್ಕ ಹತ್ತಿತು.
ಗದಗಿನ ಪ್ರೆಸ್ಸಿನಾಗ, ಮ್ಯಾಲಿನ ಕೇಸಿನ ಒತ್ತಕ್ಷರ
ಕೈಗೆ ಸಿಗಲಿ ಅಂತ ಮಾಲಕರು ಹಾಕಿಸಿಕೊಟ್ಟ
ಮಣಿ ನೆನಪಾತು.

ಮೂವತ್ತೊಂಬತ್ತು ವರ್ಷ ಲಗ್ನಪತ್ರಿಕಿ ಜೋಡಿಸೀನಿ,
ಮೊದಲು ಮೊಳಿ, ಆಮ್ಯಾಲ ಕಂಪ್ಯೂಟರು.
ಸ್ಥಳ ಅಂತ ಹಾಕಿ, ಮುಂದ ಎರಡು ಚುಕ್ಕಿ:
ರೋಣ, ಸವಣೂರ, ಗುತ್ತಲ, ಸೊಲ್ಲಾಪುರ,
ಒಮ್ಮೆ ಎಲ್ಲಿದೋ ಬರೋಡಾ.
ಸಕುಟುಂಬ ಸಪರಿವಾರ ಬರ್ರಿ ಅಂತ
ಸಾವಿರ ಸಾವಿರ ಸಲ ಕರದಂವ
ಮನಿಯಿಂದ ಪ್ರೆಸ್ಸಿಗೆ ಸೈಕಲ್ ಮ್ಯಾಲ ಹೋಗಿ ಬಂದೆ.

ತಪ್ಪು ಹಾಕಿದ್ದು ಒಂದ ಸಲ.
ನವಲಗುಂದದ ವ, ಲ ಇರಬೇಕಾದಲ್ಲಿ ಒಂದು ರ.
ಗಂಡಿನ ಕಡಿಯ ಎರಡನೇ ಬಸ್ಸು ನರಗುಂದಕ್ಕ ಹೋಗಿ
ಕೀಲಿ ಹಾಕಿದ ಕಲ್ಯಾಣಮಂಟಪದ ಮುಂದ ನಿಂತಿತ್ತಂತ.
ವಾಲಗದವರು ಆ ಬಸ್ಸಿನಾಗ ಇದ್ದರು.
ಇತ್ತ ನವಲಗುಂದದಾಗ
ಅಕ್ಕಿಕಾಳು ಸಪ್ಪಳಿಲ್ಲದ ಬಿದ್ದವು.
ಪ್ರೂಫ್ ನೋಡಿದಂವ ನಾನ.
ಎರಡು ತಿಂಗಳ ಪಗಾರ ಹೋತು.

ಹಿಂಗಾಗಿ ಗಾಡಿ ಬಂದ ಮೊದಲ ಐತವಾರ
ನರಗುಂದದಿಂದ ನವಲಗುಂದಕ್ಕ ಹೊಡದೆ.
ಇಪ್ಪತ್ತು ಚಿಲ್ಲರ ಕಿಲೋಮೀಟರು.
ಎರಿ ಹೊಲ, ಕಡ್ಲಿ, ಕುಸುಬಿ, ಮತ್ತ ಕಡ್ಲಿ.
ಇಷ್ಟ ಏನು, ಅನಿಸಿತು.
ಬಸ್ಸಿನಾಗ ಕುಂತ ಆ ಶಹನಾಯಿ ಅಂವನ್ನ ನೆನೆಸಿದೆ.
ಇಷ್ಟೊಂದ, ಅನಿಸಿತು.

ನಮಗ ಖಾಲಿ ಕಾರ್ಡು ಬರತಿದ್ದದ್ದು ಶಿವಕಾಶಿಯಿಂದ.
ಬಂಡಲ್ಲಿನ ಮ್ಯಾಲ ಓದಾಕ ಬಾರದ ಉರುಟು ಅಕ್ಷರ,
ಬಿಚ್ಚಿದರ ಅಂಟಿನ ವಾಸನಿ.
ಅಲ್ಲಿಗೆ ಹೊಂಟೆ.

ಹಾವೇರಿ ಬೈಪಾಸಿನಾಗ ಬೆಳಕಾತು.
ಹರಿಹರದ ಸೇತುವಿ ಮ್ಯಾಲ ಗಾಳಿ
ಗಾಡಿನ್ನ ಒಂದು ಗೇಣು ಬಾಜೂಕ ಸರಿಸಿತು,
ಕೂಸಿನ್ನ ಸರಿಸಿ ಮಲಗಿಸಿದಂಗ.
ಕನ್ನಡಿಯಾಗ ಲಾರಿಯ ಹಣಿಬರಹ ಉಲ್ಟಾ ಬರತೈತಿ.
ಮಂದಿಗೆ ಅದು ಗೀರು.
ಮೊಳಿ ಜೋಡಿಸಿದಂವಗ ಅದು ಸೀದಾ ಓದು:
ಚೌಡೇಶ್ವರಿ ಪ್ರಸನ್ನ.
ಓದಿ, ಸೈಡು ಕೊಟ್ಟೆ.

ಚಿತ್ರದುರ್ಗದ ಆಚೆ ಕುಂಡಿ ಸತ್ತಿತು.
ಸೇಲಂ ಬಿಟ್ಟ ಮ್ಯಾಲ ನಾಲಿಗಿ ಸತ್ತಿತು,
ಮಾತಾಡಾಕ ಯಾರೂ ಇಲ್ಲ.
ಹೆಲ್ಮೆಟ್ಟಿನ ಒಳಗ ಊರಿನ ಹೆಸರು ಅಂದುಕೋತ ಹೋದೆ,
ಅಕ್ಷರ ಬಿಡಿಸಿ, ಒತ್ತು ಬಿಡಿಸಿ.

ಮೂರನೇ ದಿನ ಸಂಜಿಮುಂದ ಒಂದು ಕಾರ್ಖಾನಿ ಬಾಗಲಾಗ
ಉಗುರಿಗೆ ಕೆಂಪು ಮಸಿ ಹತ್ತಿದ ಮುದುಕ ಒಬ್ಬ.
ನನ್ನ ಹಳೇ ಕಾರ್ಡು ಕೊಟ್ಟೆ.
ಓದಲಿಲ್ಲ. ಕಿವಿ ಹತ್ರ ಹಿಡದು ಬೆರಳಿನಾಗ ತಿಕ್ಕಿದ,
ಕಾಗದ ಮಾತಾಡೋದನ್ನ ಕೇಳಿ
ತನ್ನ ಎದಿ ತಟಗೊಂಡು ಏನೋ ಅಂದ.
ಆಮ್ಯಾಲ ಹೆಬ್ಬೆಟ್ಟು ತೋರಿಸಿದ, ತುದಿ ಇಲ್ಲ.
ನಾ ನನ್ನ ತೋರಬೆರಳು ತೋರಿಸಿದೆ.
ಕಟಿಂಗ್ ಮಷೀನು ಅಲ್ಲಿದೂ ಅದ ಜಾತಿ.
ಇಬ್ಬರೂ ನಕ್ಕೆವು.
ಇಷ್ಟಕ್ಕ ಒಂಬೈನೂರು ಕಿಲೋಮೀಟರ?
ಹೌದು, ಇಷ್ಟಕ್ಕ.

ತಿರುಗಿ ಮನಿಗೆ ಬಂದಾಗ ರಾತ್ರಿ ಹನ್ನೊಂದು.
'ಏನ ತಂದ್ರಿ?' ಅಂದಳು ನೀಲಗಂಗಾ,
ಪೆಟ್ಟಿಗಿ ತಗದರ ಮಳಿ ಕೋಟು, ಚೈನಿನ ಎಣ್ಣಿ.
ರೊಟ್ಟಿ ಮುರಿಯಾಕ ಹೋದರ ಕೈ ಇನ್ನೂ ನಡಗತಿತ್ತು,
ಪ್ರೆಸ್ಸು ಬಂದಾದ ರಾತ್ರಿ ನಡಗತಿದ್ದಂಗ.
ಆಕಿ ನೀರಿನ ಲೋಟ ನನ್ನ ಕೈಯಾಗಿಟ್ಟು
ನೀರಿನ ಮ್ಯಾಲ ಏಳೋ ಸಣ್ಣ ಸಣ್ಣ ಬಳಿ
ಭಾಳ ಹೊತ್ತು ನೋಡಿದಳು.
'ಹಿಂದಿನ ಸೀಟೂ ಎತ್ತರ ಐತಿ,' ಅಂದಳು.