ಈರುಳ್ಳಿಗೆ ಏಳು ಗರಿ

ಸಕ್ಕರೆ ಕಾಯಿಲೆಗೆ ಉಪವಾಸ ಕೂಡದು
ಎಂದ ಡಾಕ್ಟರು, ನನ್ನ ಮೊಮ್ಮಗನ ವಯಸ್ಸಿನವನು.
ಪಾದ್ರಿಗೆ ದೂರು ಒಯ್ದರೆ ಅವನದೂ ಅದೇ ರಾಗ:
ಮೊಟ್ಟೆ ತಿನ್ನಿ ತಾಯಿ, ಹಾಲು ಕುಡಿಯಿರಿ,
ದೇವರೇನು ಗುಮಾಸ್ತನೇ, ಲೆಕ್ಕ ಇಡೋಕೆ?

ಎಪ್ಪತ್ತು ವರ್ಷ ಬಿಡದೆ ಹಿಡಿದದ್ದು.
ದೇವರಿಲ್ಲ ಎಂದು ಸರ್ಕಾರ ಹೇಳುತ್ತಿದ್ದಾಗಲೂ,
ಗ್ಯುಮ್ರಿಯೇ ಕುಸಿದು
ತಗಡಿನ ಡಬ್ಬಿಯಂಥ ಮನೆಯಲ್ಲಿ
ಬೇಳೆ ಬೇಯಿಸಿದ ನೀರು ಕುಡಿದಾಗಲೂ.

ಪದ್ಧತಿ ಬಿಡಲಾರದೆ
ಸೂರಿಗೆ ಈರುಳ್ಳಿ ತೂಗುಹಾಕಿದೆ,
ಕೋಳಿಯ ಏಳು ಗರಿ ಚುಚ್ಚಿದೆ.
ವಾರಕ್ಕೊಂದು ಕೀಳಬೇಕು, ಕೊನೆಯದು ಕಿತ್ತರೆ ಹಬ್ಬ.
ಬಾಯಿಗೆ ಬೆಣ್ಣೆ ಮೆತ್ತಿಕೊಂಡು
ಯಾವ ಮುಖ ಹೊತ್ತು ಕೀಳಲಿ?

ಆಗ ಹೊಳೆಯಿತು.
ಗಂಟಲಲ್ಲಿ ಇಳಿಯುವುದಕ್ಕಲ್ಲ,
ಹೊರಡುವುದಕ್ಕೆ ಉಪವಾಸ.
ಕೆಳಮನೆಯ ಸಿರಾನುಷ್, ನನ್ನ ಓರಗಿತ್ತಿ,
ಅವಳಿಗೆ ಏಳು ವಾರ ಒಂದೂ ಬಿರುನುಡಿ ಇಲ್ಲ.

ಮೊದಲ ಗರಿ ಸಲೀಸು. ಅವಳು ಊರಲ್ಲಿರಲಿಲ್ಲ.

ಎರಡನೆಯ ವಾರ ಬಂದಳು.
ಒಣಹಾಕಿದ ಬಟ್ಟೆಯ ನೀರು ತನ್ನ ಕಿಟಕಿಗೆ ತೊಟ್ಟಿಕ್ಕುತ್ತದೆಂದು
ಮೆಟ್ಟಿಲಿಂದಲೇ ಕೂಗಿದಳು.
ನಾಲಿಗೆ ಎದ್ದಿತು, ಹಗ್ಗ ಕಿತ್ತ ಕರುವಿನ ಹಾಗೆ.
ಹಲ್ಲಿನ ಸೆಟ್ಟು ತೆಗೆದು ಲೋಟದ ನೀರಿಗೆ ಹಾಕಿದೆ.
ಹಲ್ಲಿಲ್ಲದೆ ಜಗಳವಾಡಿ ನೋಡಿ,
ಒಂದು ಬೈಗುಳವೂ ನೆಟ್ಟಗೆ ಹೊರಡದು.

ನಾಲ್ಕನೆಯ ವಾರ ಸೋತೆ.
ಅತ್ತೆಯ ತಾಮ್ರದ ಹಂಡೆ,
ಕಲ್ಲುರಾಶಿಯಡಿ ಕೈಯಾರೆ ಬಗೆದು ತೆಗೆದದ್ದು,
ಅವಳು ಅದರಲ್ಲಿ ಜೆರೇನಿಯಂ ನೆಟ್ಟಿದ್ದಳು,
ತಳಕ್ಕೆ ತೂತು ಕೊರೆದು!
ಏನೇನಂದೆನೋ. ಬೀದಿನಾಯಿಗಳೂ ಬಾಯಿ ಮುಚ್ಚಿದವು.

ಆ ರಾತ್ರಿ ಮೂರಕ್ಕೆ ಎದ್ದು,
ಮಂಡಿ ಬಗ್ಗದೆ ಕುರ್ಚಿಯಲ್ಲೇ ಕೂತು
ಪ್ರಾರ್ಥನೆ ಹುಡುಕಿದೆ.
ಬಾಯಿಪಾಠದ್ದು ಒಂದೂ ಸಿಗಲಿಲ್ಲ.
ಸರಿ, ಉಸಿರು ಎಣಿಸಿದೆ.
ಹನ್ನೊಂದಕ್ಕೆ ಕೆಳಗಿನಿಂದ ಅವಳ ಕೆಮ್ಮು.
ಹನ್ನೆರಡು. ಕೆಮ್ಮು. ಹದಿಮೂರು.
ಎಷ್ಟೋ ಹೊತ್ತು ಹೀಗೇ,
ಒಂದು ನನ್ನದು, ಒಂದು ಅವಳದು.

ಬೆಳಿಗ್ಗೆ ಸ್ಟೂಲು ಹತ್ತಿ,
ಅದನ್ನೂ ಡಾಕ್ಟರು ಬೇಡವೆಂದಿದ್ದಾನೆ,
ಕಿತ್ತ ಗರಿಗಳಲ್ಲಿ ಎರಡನ್ನು
ಮತ್ತೆ ಅದರದರ ತೂತಿಗೇ ಸಿಕ್ಕಿಸಿದೆ.

ಹಬ್ಬದ ಗಂಟೆ ಬಡಿದಾಗ
ಈರುಳ್ಳಿಯಲ್ಲಿ ಇನ್ನೂ ಎರಡು ಗರಿ,
ನಡುವೆ ಯಾರೂ ಚುಚ್ಚದ ಒಂದು ಹಸಿರು ಮೊಳಕೆ.
ಕೆಂಪು ಮೊಟ್ಟೆ ಹಿಡಿದು ಮೇಲೆ ಬಂದ ಸಿರಾನುಷ್
ಸೂರು ನೋಡಿದಳು, ನನ್ನ ನೋಡಿದಳು.
ವಾರ್ಸೆನಿಕ್, ನಿನ್ನ ಲೆಕ್ಕ ತಪ್ಪಿದೆ.

ಹೌದು, ತಪ್ಪಿದೆ, ಎಂದೆ.
ಹಲ್ಲು ಬಾಯಲ್ಲೇ ಇತ್ತು.